ಹತ್ತಿಸೀನಿ, ಇಳಿಸ್ಕೊಳ್ರಿ

ದಾವಣಗೆರೆಯಲ್ಲಿ ಅತ್ತೆಯನ್ನು ಬಸ್ ಹತ್ತಿಸಿ ಹರಿಹರದ ಮೈದುನನಿಗೆ ಫೋನ್ ಮಾಡಿದೆ. "ಹತ್ತಿಸೀನಿ, ಇಳಿಸ್ಕೊಳ್ರಿ." ಆತ "ಆತು" ಅಂದ. ತಿಂಗಳು ಇಲ್ಲಿ, ತಿಂಗಳು ಅಲ್ಲಿ, ನಮ್ಮ ಮನೆಯ ಪದ್ಧತಿ.

ಡಿಪ್ಲೊಮಾ ಮಕ್ಕಳಿಗೆ ಮೊಬೈಲ್ ನೆಟ್‌ವರ್ಕ್ ಪಾಠ ಮಾಡಬೇಕಿತ್ತು. ಅದರ ತಾಂತ್ರಿಕ ಮಾನದಂಡಗಳ ದಾಖಲೆಗಳನ್ನು ಓದಿ ಓದಿ ಸುಸ್ತಾಗಿದ್ದೆ. ಒಂದು ದಾಖಲೆ ತೆರೆದರೆ ಇನ್ನೊಂದನ್ನು ನೋಡಿ ಅನ್ನುತ್ತಿತ್ತು. ಎಲ್ಲಿಂದ ಶುರು ಮಾಡಬೇಕೋ ತಿಳಿದಿರಲಿಲ್ಲ. ಫೋನ್ ಇಟ್ಟಾಗ ಹೊಳೆಯಿತು: ಓಡುವ ಬಸ್ಸಿನಲ್ಲಿ ಕರೆ ಕಟ್ ಆಗದಂತೆ ಒಂದು ಟವರ್ ಇನ್ನೊಂದಕ್ಕೆ ಫೋನನ್ನು ಒಪ್ಪಿಸುವುದೂ ಹೀಗೇ. ಇಲ್ಲಿಂದಲೇ ಶುರು ಮಾಡಿದರಾಯಿತು.

ಇನ್ನೂ ಹೊರಡದ ಬಸ್ಸಿನ ಕಿಟಕಿಯಿಂದ ಅತ್ತೆ ಅಂದರು, "ಅವಂಗ ಹೇಳಿದ್ಯವ್ವ. ಹೋಗ್ತೀಯಾ ಅಂತ ನನ್ನ ಯಾರೂ ಕೇಳ್ಲಿಲ್ಲ ನೋಡು."

ದಾಟಿಸುವ ಮೊದಲು, ಯಾವ ಟವರ್ ಚೆನ್ನಾಗಿ ಸಿಗುತ್ತಿದೆ ಎಂದು ನೆಟ್‌ವರ್ಕ್ ಆ ಫೋನನ್ನೇ ಕೇಳುತ್ತದೆ. ಮರುದಿನ ತರಗತಿಯಲ್ಲಿ ಅಷ್ಟು ಹೇಳಿ, ಬೋರ್ಡಿನ ಕಡೆ ತಿರುಗಿಕೊಂಡೆ.