ಸೊನ್ನೆ ಸಕ್ಕರೆಯ ಲಕ್ಷ್ಮಯ್ಯ

ತೊಂಡೇಬಾವಿಯಲ್ಲಿ ಬೀಗರಾಗಬೇಕಾದವರ ಮನೆಯ ಪಡಸಾಲೆಯಲ್ಲಿ ಕೂತು ಲಕ್ಷ್ಮಯ್ಯ ಜೇಬಿನಿಂದ ಬ್ರಿಕ್ಸ್ ಮೀಟರ್ ಹೊರತೆಗೆದಾಗ, ಪಕ್ಕದಲ್ಲಿದ್ದ ಹೆಂಡತಿ ಲಕ್ಷ್ಮೀನರಸಮ್ಮ ಅವನ ಮೊಣಕೈ ಜಗ್ಗಿದಳು. ಮಗಳು ಚೈತ್ರಳ ಮದುವೆಯ ಮಾತು ಈಗಷ್ಟೇ ಕುದುರುತ್ತಿತ್ತು.

ಬ್ರಿಕ್ಸ್ ಮೀಟರ್ ಎಂದರೆ ಗೇಣುದ್ದದ ಕೊಳವೆ. ಹಣ್ಣಿನ ರಸವನ್ನು ಒಂದು ತೊಟ್ಟು ಅದರ ಗಾಜಿನ ಮೇಲೆ ಬಿಟ್ಟು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರೆ ಸಕ್ಕರೆ ಎಷ್ಟಿದೆ ಎಂದು ಗೆರೆ ತೋರಿಸುತ್ತದೆ. ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿ ಬೆಳೆಯುವ ಎಷ್ಟೋ ಜನರ ಬಳಿ ಅದಿದೆ. ಅವರದು ತೋಟದ ಶೆಡ್ಡಿನಲ್ಲಿರುತ್ತದೆ. ಲಕ್ಷ್ಮಯ್ಯನದು ಜೇಬಿನಲ್ಲಿ. ಮದುವೆ, ನಾಮಕರಣ, ತಿಥಿ ಎಲ್ಲಕ್ಕೂ ಅದು ಜೊತೆಗೆ ಬರುತ್ತಿತ್ತು. ಪಾಯಸ ಬಡಿಸಿದರೆ ಮೊದಲ ತುತ್ತು ಮೀಟರಿಗೆ, ಎರಡನೆಯದು ಬಾಯಿಗೆ.

ಲಕ್ಷ್ಮಯ್ಯನಿಗೆ ಸಕ್ಕರೆ ಕಾಯಿಲೆ ಎಂಬ ಸುದ್ದಿ ಅವನಿಗಿಂತ ಮೊದಲೇ ತೊಂಡೇಬಾವಿ ತಲುಪಿತ್ತು. ಅದಕ್ಕೇ ಗಂಡಿನ ತಾಯಿ ಆದಿಲಕ್ಷ್ಮಮ್ಮ ಮುತುವರ್ಜಿಯಿಂದ ಸಕ್ಕರೆಯಿಲ್ಲದ ಕರಿ ಕೂಲ್ ಡ್ರಿಂಕ್ಸ್ ತರಿಸಿ ಗಾಜಿನ ಲೋಟಕ್ಕೆ ಬಗ್ಗಿಸಿ ಕೊಟ್ಟಿದ್ದರು. ಒಂದು ಗುಟುಕು ಕುಡಿದ ಲಕ್ಷ್ಮಯ್ಯನ ಮುಖ ಅರಳಿತು. ಮರುಕ್ಷಣವೇ ಹುಬ್ಬು ಗಂಟಿಕ್ಕಿತು. ಸಕ್ಕರೆ ಇಲ್ಲ ಅನ್ನುತ್ತಾರೆ, ಇಷ್ಟು ಸೀ ಇದೆ! ಒಂದು ತೊಟ್ಟು ಗಾಜಿನ ಮೇಲೆ ಬಿಟ್ಟು ಬೆಳಕು ಹುಡುಕಿದ. ಬೆಳಕಿದ್ದದ್ದು ನಡುಮನೆಯ ಆಚೆ, ಹಿತ್ತಿಲ ಬಾಗಿಲಲ್ಲಿ. ಆ ಬಾಗಿಲಲ್ಲಿ ನಿಂತಿದ್ದವರು ಆದಿಲಕ್ಷ್ಮಮ್ಮ ಮತ್ತು ಅವರ ಇಬ್ಬರು ಹೆಣ್ಣುಮಕ್ಕಳು. ಲಕ್ಷ್ಮಯ್ಯ ಒಂದು ಕಣ್ಣು ಮುಚ್ಚಿ, ಕೊಳವೆಯನ್ನು ನೇರ ಅವರತ್ತ ತಿರುಗಿಸಿ, ದೊಡ್ಡ ದನಿಯಲ್ಲಿ ಸಾರಿದ:

"ಸೊನ್ನೆ! ಪೂರ್ತಿ ಸೊನ್ನೆ!"

ಬಾಯಲ್ಲಿ ಸೊನ್ನೆ, ಕಣ್ಣಲ್ಲಿ ಸನ್ನೆ. ಲಕ್ಷ್ಮೀನರಸಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಏನ್ ಬೀಗ್ರೇ, ದುರ್ಬೀನು ಹಾಕ್ಕೊಂಡು ನಮ್ಮನೆ ಹೆಣ್ಮಕ್ಕಳಿಗೆ ಮಾರ್ಕ್ಸ್ ಕೊಡ್ತಿದ್ದೀರ?" ಎಂದರು ಆದಿಲಕ್ಷ್ಮಮ್ಮ.

ಲಕ್ಷ್ಮೀನರಸಮ್ಮ ಎದ್ದು ಹೋಗಿ, ಮೀಟರು, ದ್ರಾಕ್ಷಿ, ಗಂಡನ ಸ್ವಭಾವ ಎಲ್ಲವನ್ನೂ ವಿವರಿಸಿದ ಮೇಲೆ ಆದಿಲಕ್ಷ್ಮಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಬಂಧ ಉಳಿಯಿತು. ಜೊತೆಗೆ ಇನ್ನೊಂದು ಸಂಬಂಧವೂ ಅಂದೇ ಕುದುರಿತು, ಲಕ್ಷ್ಮಯ್ಯನಿಗೂ ಆ ಬಾಟಲಿಗೂ.

"ಏಮೇ, ಮೀಟರ್ ಸೊನ್ನೆ ಅಂತದೆ, ನಾಲಿಗೆ ಇಪ್ಪತ್ತು ಅಂತದೆ! ನಲವತ್ತು ವರ್ಷ ದ್ರಾಕ್ಷಿ ಬೆಳೆದ್ರೂ ಇಂಥ ಹಣ್ಣು ನೋಡಿಲ್ಲ ಕಣೇ," ಎಂದು ಬಸ್ಸಿನುದ್ದಕ್ಕೂ ಹೇಳಿದ. ಊರಿಗೆ ಬಂದವನೇ ವೇಣು ಅಂಗಡಿಯ ಫ್ರಿಜ್ಜಿನ ಮುಂದೆ ನಿಂತ. ಮೊದಲು ಮಧ್ಯಾಹ್ನಕ್ಕೊಂದು. ಆಮೇಲೆ ಬೆಳಗಿನ ತಿಂಡಿಗೂ ಅದೇ. ರಾಗಿಮುದ್ದೆ, ಬಸ್ಸಾರಿನ ಪಕ್ಕದಲ್ಲೂ ಆ ಕರಿ ಬಾಟಲಿ ಹೊಸ ಅಳಿಯನ ಹಾಗೆ ಕೂತಿರುತ್ತಿತ್ತು. ಸೊನ್ನೆ ಕುಡಿದು ಪುಣ್ಯ ಸಂಪಾದಿಸಿದೆನೆಂದು, ಆ ಪುಣ್ಯವನ್ನು ಊರಿನ ಬೇಕರಿಯಲ್ಲಿ ದಿಲ್‌ಪಸಂದ್ ತಿಂದು ಕಳೆಯುತ್ತಿದ್ದ.

ಆ ಹೊತ್ತಿಗೆ ಲಕ್ಷ್ಮೀನರಸಮ್ಮನ ಫೋನಿಗೆ ವಿಡಿಯೋ ಒಂದು ಬಂತು. ಕೆಂಪು ಅಕ್ಷರ, ಢಣಢಣ ಸಂಗೀತ: ಈ ಪಾನೀಯ ಕುಡಿದರೆ ಕ್ಯಾನ್ಸರ್, ಕುಡಿದರೆ ಹೃದಯಾಘಾತ, ಕುಡಿದರೆ ಮರೆವು. ಅವಳು ರಾತ್ರಿಯೆಲ್ಲ ಗಂಡನ ಉಸಿರು ಎಣಿಸಿದಳು.

"ಅಮ್ಮಾ, ಅರ್ಧ ಸತ್ಯ ಅದು," ಎಂದಳು ಚೈತ್ರ, ತಾನೂ ಒಂದಿಷ್ಟು ಹುಡುಕಿ ಓದಿ. "ಅದರಲ್ಲಿರೋ ಒಂದು ಸಿಹಿ ಪುಡೀನ ಕ್ಯಾನ್ಸರ್ ತರಬಹುದೇನೋ ಅನ್ನೋ ಪಟ್ಟಿಗೆ ಹೊರದೇಶದ ವಿಜ್ಞಾನಿಗಳು ಹಾಕಿದ್ದಾರೆ. ತರತ್ತೆ ಅಂತಲ್ಲ, ತರಬಹುದೇನೋ ಅಂತ. ಅದೇ ಪಟ್ಟೀಲಿ ಒಂಥರಾ ಉಪ್ಪಿನಕಾಯೀನೂ ಇದೆ."

"ಉಪ್ಪಿನಕಾಯಿನಾ?" ಲಕ್ಷ್ಮೀನರಸಮ್ಮ ಅಟ್ಟದ ಮೇಲಿನ ಭರಣಿಗಳನ್ನು ನೋಡಿದಳು. "ಅದು ಅವರ ದೇಶದ ಉಪ್ಪಿನಕಾಯಿ ಇರ್ಬೇಕು ಬಿಡಮ್ಮ."

ಮೂರು ತಿಂಗಳ ಸರಾಸರಿ ಸಕ್ಕರೆಯ ರಿಪೋರ್ಟು ಬಂದಾಗ ಅದು ಇಳಿಯುವ ಬದಲು ಏರಿತ್ತು. ಡಾಕ್ಟರ್ ಆಶಾರಾಣಿ ಕನ್ನಡಕ ಮೂಗಿನ ತುದಿಗೆ ತಂದರು. "ಮುಂದಿನ ಸಲಾನೂ ಹಿಂಗೇ ಇದ್ರೆ ಇನ್ಸುಲಿನ್ ಇಂಜೆಕ್ಷನ್ನೇ. ದಿನಾ."

ಹಸುವಿಗೆ ಸೂಜಿ ಹಾಕಿದರೂ ಆಚೆ ತಿರುಗುವ ಲಕ್ಷ್ಮಯ್ಯ ಶರ್ಟಿನ ತೋಳನ್ನು ಮುಂಗೈವರೆಗೂ ಎಳೆದುಕೊಂಡ.

"ಆ ಬಾಟ್ಲಿಯಿಂದ್ಲೇ ಅಲ್ವಾ ಮೇಡಂ?" ಲಕ್ಷ್ಮೀನರಸಮ್ಮ ಮುಂದೆ ಬಾಗಿದಳು.

"ನೋಡಿಯಮ್ಮ, ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಹೇಳಕ್ಕಾಗಲ್ಲ. ಮಿತಿಯೊಳಗೆ ಕುಡಿದ್ರೆ ಅದು ವಿಷ ಅಂತ ಯಾರೂ ಸಾಬೀತು ಮಾಡಿಲ್ಲ. ವರ್ಷಗಟ್ಟಲೆ ಕುಡಿಯೋರಲ್ಲಿ ಶುಗರ್ರು, ಹಾರ್ಟಿನ ತೊಂದರೆ ಜಾಸ್ತಿ ಕಾಣ್ಸತ್ತೆ ಅಂತ ಕೆಲವು ಅಧ್ಯಯನ ಹೇಳ್ತವೆ. ಆದ್ರೆ ಕುಡಿದಿದ್ದಕ್ಕೆ ಕಾಯಿಲೆ ಬಂತೋ, ಕಾಯಿಲೆ ಇದ್ದೋರೇ ಕುಡಿಯಕ್ಕೆ ಶುರು ಮಾಡಿದ್ರೋ, ಇನ್ನೂ ತೀರ್ಮಾನ ಆಗಿಲ್ಲ." ಅವರು ಲಕ್ಷ್ಮಯ್ಯನ ಕಡೆ ತಿರುಗಿದರು. "ನಿಮ್ ವಿಷಯ ಹೇಳ್ತೀನಿ. ಬಾಟ್ಲಿ ಜೊತೆ ಏನ್ ತಿಂತೀರ?"

"ಏನೂ ಇಲ್ಲ ಮೇಡಂ. ಒಂದ್ ದಿಲ್‌ಪಸಂದು."

"ಒಂದಾ?"

"ಚಿಕ್ಕದಾದ್ರೆ ಎರಡು."

"ಅದೇ ನೋಡಿ. ಬಾಟ್ಲಿಯಲ್ಲಿ ಉಳಿಸಿದ್ದನ್ನ ಬೇಕರಿಯಲ್ಲಿ ಕಳೀತಿದ್ದೀರ. ಮೊದ್ಲು ನಿಮ್ಮ ನಾಲಿಗೆಯ ಬ್ರಿಕ್ಸ್ ಇಳಿಸಿ."

ಅಂದಿನಿಂದ ಲಕ್ಷ್ಮೀನರಸಮ್ಮ ಯುದ್ಧ ಸಾರಿದಳು. ಬೆಳಿಗ್ಗೆ ಮೆಂತ್ಯದ ನೀರು, ಮಧ್ಯಾಹ್ನ ಮಜ್ಜಿಗೆ. ಊಟದ ಹೊತ್ತಿಗೆ ಸರಿಯಾಗಿ ಢಣಢಣ ವಿಡಿಯೋ. ತಂದಿಟ್ಟ ಬಾಟಲಿಗಳನ್ನು ಅಕ್ಕಿ ಡ್ರಮ್ಮಿನಲ್ಲಿ ಹೂತಿಟ್ಟಳು. ಲಕ್ಷ್ಮಯ್ಯ ಹೊಸದು ತಂದ. ಸಿಟ್ಟು ಮಾಡಿದಳು, ಮಾತು ಬಿಟ್ಟಳು, ಕೊನೆಗೆ ಒಂದು ಸಂಜೆ ನಿಜವಾಗಿಯೂ ಅತ್ತುಬಿಟ್ಟಳು.

"ಧಾರೆ ಎರೆಯೋ ದಿನ ನೀವು ಸೂಜಿ ಚುಚ್ಚಿಸ್ಕೊಂಡು ಮಂಕಾಗಿ ಕೂತಿರೋದನ್ನ ನಾನು ನೋಡ್ಬೇಕಾ?"

"ಅಳ್ಬೇಡ ಕಣೇ," ಎಂದ ಲಕ್ಷ್ಮಯ್ಯ, ಒಂದು ಗುಟುಕು ಕುಡಿದು.

ಆದರೆ ದ್ರಾಕ್ಷಿ ಕಟಾವು ಮುಗಿದ ವಾರ ಪವಾಡ ನಡೆಯಿತು. ಮನೆಗೆ ಬಾಟಲಿ ಬರುವುದು ನಿಂತೇಹೋಯಿತು. ಬಾಟಲಿಯ ಹಿಂದೆಯೇ ದಿಲ್‌ಪಸಂದೂ ಹೋಯಿತು; ಒಣಗಂಟಲಿಗೆ ಅದು ಇಳಿಯುವುದಿಲ್ಲವಂತೆ. ಲಕ್ಷ್ಮಯ್ಯ ಮುಖ ಸಿಂಡರಿಸಿಕೊಂಡು ಮಜ್ಜಿಗೆ ಕುಡಿದ, ಮೆಂತ್ಯದ ನೀರಿಗೂ ಬಾಯಿ ತೆರೆದ. ಲಕ್ಷ್ಮೀನರಸಮ್ಮ ಯಾಕೆ ಎಂದು ಕೇಳಲಿಲ್ಲ. ಕೇಳುವುದೇನು, ಅವಳಿಗೆ ಗೊತ್ತಿತ್ತು. ಹೆಂಡತಿಯ ಕಣ್ಣೀರಿನ ಬ್ರಿಕ್ಸು ಯಾವ ಮೀಟರಿಗೂ ಸಿಗುವುದಿಲ್ಲ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು.

ಮುಂದಿನ ರಿಪೋರ್ಟಿನಲ್ಲಿ ಸಕ್ಕರೆ ಸರಕ್ಕನೆ ಇಳಿದಿತ್ತು. ಇಂಜೆಕ್ಷನ್ ಮಾತು ಬಿದ್ದುಹೋಯಿತು. ಡಾಕ್ಟರ್ ಆಶಾರಾಣಿಗೆ ಎಷ್ಟು ಖುಷಿಯಾಯಿತೆಂದರೆ, ಮುದ್ದೇನಹಳ್ಳಿಯಲ್ಲಿ ನಡೆದ ಸಕ್ಕರೆ ಕಾಯಿಲೆಯ ಶಿಬಿರಕ್ಕೆ ಲಕ್ಷ್ಮಯ್ಯನನ್ನು ಮಾದರಿ ರೋಗಿಯೆಂದು ಕರೆಸಿ ವೇದಿಕೆ ಹತ್ತಿಸಿದರು. ಲಕ್ಷ್ಮೀನರಸಮ್ಮ ಮಗಳ ಮದುವೆಗೆಂದು ತಂದಿದ್ದ ರೇಷ್ಮೆ ಸೀರೆಯನ್ನೇ ಉಟ್ಟು ಮೊದಲ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಆದಿಲಕ್ಷ್ಮಮ್ಮನಿಗೂ ಜಾಗ ಹಿಡಿದಿದ್ದಳು. ಬೀಗಿತಿಯ ಕಿವಿಗೂ ಬೀಳಲಿ ಎಂದೇ.

"ದಿನಕ್ಕೆ ನಾಲ್ಕು ಬಾಟ್ಲಿ ಕುಡೀತಿದ್ದೋರು ಇವರು," ಎಂದರು ಡಾಕ್ಟರ್ ಮೈಕಿನಲ್ಲಿ. "ಒಂದೇ ದಿನದಲ್ಲಿ ಬಿಟ್ಟುಬಿಟ್ರು! ಹೇಳಿ ಲಕ್ಷ್ಮಯ್ಯನೋರೆ, ಎಲ್ಲರಿಗೂ ಉಪಯೋಗ ಆಗ್ಲಿ. ಸಂಶೋಧನೆ ವಿಚಾರ ಕೇಳಿ ಭಯ ಆಯ್ತಾ, ನನ್ನ ಮಾತಾ, ಇಲ್ಲ ಮನೆಯವರ ಪ್ರೀತಿನಾ? ನೀವು ಬಿಡೋ ಹಾಗೆ ಮಾಡಿದ್ದು ಯಾವ್ದು?"

ಲಕ್ಷ್ಮೀನರಸಮ್ಮ ಸೆರಗು ಸರಿಮಾಡಿಕೊಂಡು, ನಾಚಿಕೆಗೆ ಮುಖ ಸಿದ್ಧಪಡಿಸಿಕೊಂಡಳು.

ಲಕ್ಷ್ಮಯ್ಯ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಗಂಟಲು ಸರಿಮಾಡಿಕೊಂಡ.

"ಅದು ನಮ್ಮೂರಲ್ಲಿ ವೇಣು ಅಂಗಡಿ ಒಂದ್ರಲ್ಲೇ ಸಿಗೋದು ಮೇಡಂ. ಆ ನನ್ಮಗ ನಮ್ಮ ದ್ರಾಕ್ಷಿ ಹುಳಿ ಅಂದ. ಅವತ್ತಿಂದ ಅವನ ಅಂಗಡಿ ಮೆಟ್ಲು ಹತ್ತಿಲ್ಲ."