ಗುಡ್ಡ ಬಲಕ್ಕಿಟ್ಟುಕೊಂಡು

ಇವತ್ತು ಬೆಳಿಗ್ಗೆ ಹಾಲು ತರಲು ಹೋದವನನ್ನು ರಾರಾವಿ ಕಡೆಯ ಹೆಂಗಸೊಬ್ಬಳು ತಡೆದು, "ಯಣ್ಣಾ, ಕಣ್ಣಿನ ಆಸ್ಪತ್ರಿಗೆ ಹೆಂಗ ಹೋಗಬೇಕ್ರಿ?" ಎಂದು ಕೇಳಿದಳು. ಬಳ್ಳಾರಿಯಲ್ಲಿ ಹುಟ್ಟಿದವನ ಬಾಯಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿಯೇ ಇರುತ್ತದೆ. "ಗುಡ್ಡ ಬಲಕ್ಕಿಟ್ಕೊಂಡು ಸೀದಾ ಹೋಗವ್ವ" ಎಂದೆ. ಆಕೆ ಬಲಕ್ಕೆ ನೋಡಿದಳು. ನಾನೂ ನೋಡಿದೆ. ಅಲ್ಲಿ ಹೊಸದಾಗಿ ಏಳುತ್ತಿರುವ ಐದಂತಸ್ತಿನ ಕಟ್ಟಡ, ಅದರ ಮೈತುಂಬ ಹಸಿರು ಪರದೆ. "ಯಾವ ಗುಡ್ಡರೀ?" ಎಂದಳು. ಆ ಕಟ್ಟಡವನ್ನು ತಿಂಗಳುಗಟ್ಟಲೆ ನೋಡುತ್ತಲೇ ಇದ್ದೆ. ಅದರ ಹಿಂದೆ ಕೋಟೆಗುಡ್ಡ ಮುಚ್ಚಿಹೋಯಿತೆಂದು ಹೊಳೆದದ್ದು ಆಗಲೇ. ಆಕೆಯನ್ನು ಆಟೋ ಹತ್ತಿಸಿ ಮನೆಗೆ ಬಂದು, ಚಪ್ಪಲಿ ಬಿಡಲೂ ಬೇಸರವಾಗಿ ಕಟ್ಟೆಯ ಮೇಲೆ ಕೂತುಬಿಟ್ಟೆ.

ನೀವು ನಮ್ಮ ಕಡೆಯವರಲ್ಲದಿದ್ದರೆ ಈ ಚಟ ನಿಮಗೆ ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ಬೀದಿಗಳ ಹೆಸರು ಯಾರಿಗೆ ಬೇಕು? ತಲೆ ಎತ್ತಿದರೆ ಗುಡ್ಡ. ಅದು ಬಲಕ್ಕಿದ್ದರೆ ಒಂದು ಕಡೆ, ಬೆನ್ನಿಗಿದ್ದರೆ ಇನ್ನೊಂದು ಕಡೆ. ಅಪ್ಪನ ಊರು ಕುರುಗೋಡಿನಲ್ಲೂ ಇದೇ ಲೆಕ್ಕ. ಅವ್ವನ ತವರು ಸಿರುಗುಪ್ಪದ ಕಡೆ ಮಾತ್ರ ನೆಲವೆಲ್ಲ ಸಮ, ಭತ್ತದ ಗದ್ದೆ. ಅಲ್ಲಿಯವರು "ಹೊಳಿ ಕಡಿ, ಊರ ಕಡಿ" ಎನ್ನುತ್ತಿದ್ದರು. ಅಪ್ಪ ಅದಕ್ಕೆ ನಗುತ್ತಿದ್ದ. ದಾರಿ ಕೇಳುವುದು ಗತಿಯಿಲ್ಲದವರ ಕೆಲಸವೆಂದು ಅವನ ನಂಬಿಕೆ, ಅದು ನನಗೂ ಅಂಟಿತ್ತು.

ಈ ಜಂಬವನ್ನು ಹೊತ್ತುಕೊಂಡು ನಾನು ಒಮ್ಮೆ ಮಚಲಿಪಟ್ಟಣಕ್ಕೆ ಹೋಗಿದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು; ನನಗಾಗ ಇಪ್ಪತ್ತೆರಡು. ಅಲ್ಲಿಯವರು ಆ ಊರನ್ನು ಬಂದರು ಎಂದೇ ಕರೆಯುತ್ತಾರೆ. ನನ್ನ ಅಕ್ಕ ಗಂಗಕ್ಕನನ್ನು ಆದವಾನಿ ಕಡೆಯ ರೈಲ್ವೆ ಗುಮಾಸ್ತರಿಗೆ ಕೊಟ್ಟಿತ್ತು, ಅವರಿಗೆ ಬಂದರಿಗೆ ವರ್ಗವಾಗಿತ್ತು. ಮೊದಮೊದಲು ಅಕ್ಕನ ಕಾಗದ ಎರಡು ಹಾಳೆ ಇರುತ್ತಿತ್ತು, ಆಮೇಲೆ ಒಂದಾಯಿತು, ಕೊನೆಗೆ ಕಾರ್ಡಿನಲ್ಲಿ ಮೂರು ಸಾಲು. ಅವ್ವನಿಗೆ ಓದು ಬಾರದಿದ್ದರೂ ಕಾಗದದ ತೂಕ ತಿಳಿಯುತ್ತಿತ್ತು. "ಮಗಳಿಗೆ ಅಲ್ಲಿ ಸೇರವಲ್ದು. ಅಳಿಯ ಕೆಲಸಕ್ಕ ಹೋದಾಗ ಮುಂಜಾನಿ ಒಬ್ಬಾಕಿನ್ನೇ ಕೂಡಿಸಿ ಕೇಳು. ಬರ್ತೀನಿ ಅಂದ್ರ ಕರ್ಕೊಂಡು ಬಂದುಬಿಡು, ಮುಂದಿಂದು ನಾ ನೋಡ್ಕೋತೀನಿ" ಎಂದಳು. ಇಂಥ ದಿನ ಮುಂಜಾನೆ ಬರುತ್ತೇನೆಂದು ಅಕ್ಕನಿಗೆ ಬರೆದೆ. ಅದೇ ಸಂಜೆಯ ಗಾಡಿಗೆ ಹೊರಡಲೇಬೇಕಿತ್ತು. ಸಿರುಗುಪ್ಪದಲ್ಲಿ ಮಾಸ್ತರಿಕೆಗೆ ಸಂದರ್ಶನವಿತ್ತು.

ಗುಂತಕಲ್ಲು, ಬೆಜವಾಡ ಎಂದು ಗಾಡಿ ಬದಲಿಸುತ್ತ, ನಿದ್ದೆಗೆಟ್ಟು ಬಂದರಿನಲ್ಲಿ ಇಳಿದಾಗ ಏಳು ಗಂಟೆ. ಕೈಯಲ್ಲಿ ವಿಳಾಸದ ಚೀಟಿ. ಹೊರಗೆ ಬಂದು ಅಭ್ಯಾಸದಂತೆ ತಲೆ ಎತ್ತಿದೆ. ಸುತ್ತ ಬರೀ ಆಕಾಶ! ಗುಡ್ಡವಿಲ್ಲದ ಊರಿನಲ್ಲಿ ಮನುಷ್ಯರು ಹೇಗೆ ಮನೆ ಸೇರುತ್ತಾರೋ ಎಂದುಕೊಂಡೆ. ಆಗ ನನ್ನ ಬುದ್ಧಿವಂತಿಕೆ ಕೆಲಸ ಮಾಡಿತು: ಗುಡ್ಡವಿಲ್ಲದಿದ್ದರೇನು, ಸಮುದ್ರವಿದೆಯಲ್ಲ! ಮೊದಲು ಅದನ್ನು ಹುಡುಕಿ ಬಲಕ್ಕಿಟ್ಟುಕೊಂಡರಾಯಿತು. ಹಾಗೇ ಊರೂ ನೋಡಿದಂತಾಗುತ್ತದೆ. ಅಕ್ಕ ಎಲ್ಲಿ ಹೋಗುತ್ತಾಳೆ?

ಸಮುದ್ರ ಬೀದಿಯ ಕೊನೆಗೇ ಇರುತ್ತದೆ ಎಂದುಕೊಂಡಿದ್ದೆ. ಅದು ಮೈಲಿಗಟ್ಟಲೆ ಹಿಂದಕ್ಕೆ ಸರಿದು ಕೂತಿತ್ತು. ನಡೆದೆ, ನಡೆದೆ, ಉಪ್ಪುಮಣ್ಣು, ಕೆಸರು, ಕುರುಚಲು ಗಿಡ, ಹಳೆಯ ಕೋಟೆಯ ಮುರಿದ ಗೋಡೆ. ಕೊನೆಗೆ ದೂರದಲ್ಲಿ ಬೂದುಬಣ್ಣದ ಒಂದು ಗೆರೆ ಕಂಡಿತು. ಅದನ್ನು ಬಲಕ್ಕಿಟ್ಟುಕೊಂಡು ತಿರುಗಿದೆ. ಹತ್ತು ಹೆಜ್ಜೆಯಲ್ಲಿ ಅದೂ ಕಾಣದಾಯಿತು. ಊರೊಳಕ್ಕೆ ಬರುವ ಹೊತ್ತಿಗೆ ನೆತ್ತಿಯ ಮೇಲೆ ಬಿಸಿಲು. ನಮ್ಮೂರಿನದು ಸುಡುವ ಬಿಸಿಲು, ಅದು ಬೇಯಿಸುವ ಬಿಸಿಲು. ಡಚ್ಚರ ಕಾಲದ ಸ್ಮಶಾನವೊಂದು ಸಿಕ್ಕಿತು. ಎಲ್ಲಿಂದಲೋ ಹಡಗಿನಲ್ಲಿ ಬಂದು ಇಲ್ಲಿ ಮಲಗಿದವರ ಕಲ್ಲುಗಳ ನೆರಳಿನಲ್ಲಿ ಕೂತೆ, ಹಿಮ್ಮಡಿ ಸುಲಿದಿತ್ತು, ಕಣ್ಣು ಎಳೆಯಿತು. ಎದ್ದಾಗ ಎರಡೂವರೆ.

ಮತ್ತೆ ಸುತ್ತಿದೆ. ಒಂದೇ ಸೋಡಾ ಅಂಗಡಿಯ ಮುಂದೆ ಮೂರನೆಯ ಸಲ ಹಾದಾಗ ಅಂಗಡಿಯ ಮುದುಕ, "ಏಂ ಬಾಬೂ, ದಾರಿ ತಪ್ಪಾವಾ?" ಎಂದ. ನನ್ನ ಬಳ್ಳಾರಿ ತೆಲುಗಿನಲ್ಲಿ, ಇಲ್ಲ, ಊರು ನೋಡುತ್ತಿದ್ದೇನೆ ಎಂದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ನಾಲ್ಕನೆಯ ಸಲ ಬಂದಾಗ ಮೀಸೆ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಚೀಟಿ ಅವನ ಮುಂದೆ ಹಿಡಿದೆ. ಅಕ್ಕನ ಮನೆ ಅವನ ಅಂಗಡಿಯ ಹಿಂದಿನ ಸಂದಿಯಲ್ಲೇ ಇತ್ತು. ಆಗ ಐದು ಹೊಡೆದಿತ್ತು.

ಭಾವ ಕೆಲಸದಿಂದ ಬಂದು ಮುಖ ತೊಳೆಯುತ್ತಿದ್ದರು. ಒಳ್ಳೆಯ ಮನುಷ್ಯರೇ, ತಾವೇ ಕುರ್ಚಿ ಎಳೆದು ಹಾಕಿದರು. ಅಕ್ಕ ನೀರು ತಂದು, "ಈಗ ಬಂದೇನೋ?" ಎಂದಳು, ಅಷ್ಟೇ. ಮಂಚದ ಮೇಲೆ ಟ್ರಂಕು ಬಾಯಿ ತೆರೆದಿತ್ತು, ಸೀರೆಗಳು ಹರಡಿದ್ದವು. ಬಿಸಿಲಿಗೆ ಹಾಕಲು ತೆಗೆದಿರಬೇಕು ಎಂದುಕೊಂಡೆ. ಕಾಫಿ ಕುಡಿಯುವಷ್ಟರಲ್ಲಿ ಗಾಡಿಯ ಹೊತ್ತಾಯಿತು.

ಸ್ಟೇಷನ್ನಿಗೆ ಅಕ್ಕನೇ ದಾರಿ ತೋರಿಸಲು ಬಂದಳು. ಬಳ್ಳಾರಿಯಲ್ಲಿ ಕೌಲ್ ಬಜಾರಿಗೂ ಒಬ್ಬಳೇ ಹೋಗದವಳು ಆ ಸಂದಿಗೊಂದಿಗಳಲ್ಲಿ ನನ್ನ ಮುಂದೆ ಸರಸರ ನಡೆಯುತ್ತಿದ್ದಳು. ಸುಖವಾಗಿಯೇ ಇದ್ದಾಳೆ ಎಂದುಕೊಂಡೆ. ಅವ್ವ ಕೇಳು ಎಂದದ್ದು ನಾಲಿಗೆಯ ತುದಿಯಲ್ಲಿತ್ತು. ಕಾಲು ನೋಯುತ್ತಿತ್ತು, ಕೇಳಲಿಲ್ಲ. ಗಾಡಿ ಹೊರಡುವ ಮುನ್ನ ಕಿಟಕಿಯ ಸರಳು ಹಿಡಿದು ಅವಳು ಒಂದೇ ಮಾತು ಕೇಳಿದಳು: "ಗುಡ್ಡ ಹೆಂಗೈತೋ?"

"ಇದ್ದಲ್ಲೇ ಐತಿ. ಅದೆಲ್ಲಿ ಹೋಗ್ತೈತಿ?" ಎಂದು ನಕ್ಕೆ. ಊರಿಗೆ ಬಂದು ಅವ್ವನಿಗೆ, "ಆರಾಮದಾಳ, ಬರಂಗಿಲ್ಲಂತ" ಎಂದೆ. ಕೇಳದ ಪ್ರಶ್ನೆಗೆ ನಾನೇ ಉತ್ತರ ಹೇಳಿಬಿಟ್ಟೆ. ಅದಕ್ಕಾಗಿ ಈಗಲೂ ನಾಚಿಕೆಯಾಗುತ್ತದೆ.

ಅಕ್ಕ ಈಗಲೂ ಬಂದರಿನಲ್ಲೇ ಇದ್ದಾಳೆ, ಮೊಮ್ಮಕ್ಕಳ ಜೊತೆ ತೆಲುಗಿನಲ್ಲೇ ಜಗಳವಾಡುತ್ತಾಳೆ. ಕಟ್ಟೆಯಿಂದ ಎದ್ದವನೇ ಫೋನು ಮಾಡಿದೆ. "ಗುಡ್ಡ ನಮ್ಮ ಓಣಿಂದ ಕಾಣಂಗಿಲ್ಲಕ್ಕ ಇನ್ನ" ಎಂದೆ. ಅವಳು ಹೂಂ ಎಂದಳು. ನಾನು, "ಅವತ್ತು ಕರೆದಿದ್ದರ ಬರ್ತಿದ್ದೇನು?" ಎಂದು ಕೇಳಿಯೇಬಿಟ್ಟೆ.

ಅಕ್ಕ ಬೇರೆ ಯಾರದೋ ಕಥೆ ಹೇಳುವ ಹಾಗೆ ಹೇಳಿದಳು. "ಮುಂಜಾನಿ ಬರ್ತೀನಂತ ಬರದಿದ್ದಿ. ಟ್ರಂಕು ತುಂಬಿಕೊಂಡು ಬಾಗಲದಾಗ ಕುಂತಿದ್ದೆ. ನಾಕು ಹೊಡಿಯೋ ತನಕ ಕುಂತೆ. ಅವರು ಬರೋ ಹೊತ್ತಾತು, ಸೀರಿ ಹೊರಗ ತಗದೆ." ಆಮೇಲೆ, "ದಿನಪೂರ್ತಿ ಎಲ್ಲಿ ಹೋಗಿದ್ಯೋ ಅವತ್ತು?" ಎಂದಳು.

ಊರು ನೋಡುತ್ತಿದ್ದೆ ಎಂಬ ಹಳೆಯ ಮಾತು ಬಾಯಿಗೆ ಬಂತು. ನುಂಗಿಕೊಂಡೆ.

"ದಾರಿ ತಪ್ಪಿತ್ತಕ್ಕ" ಎಂದೆ.

"ಯಾರನ್ನಾರ ಕೇಳಬಾರದಾಗಿತ್ತೇನೋ, ಹುಚ್ಚಾ" ಎಂದಳು ಅಕ್ಕ.