ಹಸುವಿನ ನೈಟ್ರೋಜನ್ನು, ಲಗ್ನಪತ್ರಿಕೆಯ ಕಂಪ್ಯೂಟರು

ನಮ್ಮ ಮನೆಯಲ್ಲಿ ಕುಕ್ಕರಿನ ಮೂರನೆಯ ಸೀಟಿಗೆ ಕಾಯುವವಳು ನಾನೊಬ್ಬಳೇ. ನಮ್ಮವರು ಎರಡನೆಯ ಸೀಟಿಗೇ ತಟ್ಟೆ ಇಟ್ಟುಕೊಂಡು ಕೂತಿರುತ್ತಾರೆ. ಬಸ್ಸು ನಿಲ್ಲುವ ಮೊದಲೇ ಇಳಿಯುವುದು, ಚಹಾ ಆರುವ ಮೊದಲೇ ಕುಡಿದು ನಾಲಿಗೆ ಸುಟ್ಟುಕೊಳ್ಳುವುದು, ಎದುರಿನವರ ಮಾತನ್ನು ತಾವೇ ಮುಗಿಸಿ ಅದಕ್ಕೆ ಉತ್ತರವನ್ನೂ ತಾವೇ ಕೊಡುವುದು, ಇವೆಲ್ಲ ಅವರ ಹುಟ್ಟುಗುಣ. ಹರಿಹರಕ್ಕೆ ನನ್ನನ್ನು ನೋಡಲು ಬಂದ ದಿನ ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಬರುವುದರೊಳಗೆ ಹುಡುಗಿ ಒಪ್ಪಿಗೆ ಎಂದು ಹೇಳಿಬಿಟ್ಟಿದ್ದರಂತೆ. ಅದನ್ನು ಪ್ರೀತಿಯೆಂದು ತಿಳಿದು ನಾನು ಬಹಳ ವರ್ಷ ಹೆಮ್ಮೆಪಟ್ಟೆ. ಅವರಿಗೆ ಮುಂದಿನ ಬಸ್ಸು ಹಿಡಿಯಬೇಕಿತ್ತು ಎಂಬುದು ಆಮೇಲೆ ತಿಳಿಯಿತು.

ಇಂಥವರ ಕೈಗೆ ದೇವರು ಕಂಪ್ಯೂಟರು ಕೊಡಬಾರದಿತ್ತು. ದಾವಣಗೆರೆಯಲ್ಲಿ ನಮ್ಮದೊಂದು ಲಗ್ನಪತ್ರಿಕೆಯ ಅಂಗಡಿ ಇದೆ. ಮೇಲೊಬ್ಬ ಗಣಪತಿ, ಪಕ್ಕಕ್ಕೆರಡು ಬಾಳೆಕಂಬ, ನಡುವೆ ವಧೂವರರು, ಕೆಳಗೆ ಇಡೀ ಬಳಗದ ಹೆಸರು. ಇಷ್ಟನ್ನು ಪರದೆಯ ಮೇಲೆ ಜೋಡಿಸುವುದು ನಮ್ಮವರ ಕಸುಬು. ಒಂದು ಸಲ ಬಂಗಾರದ ಬಣ್ಣದ ಗಣಪತಿಯೊಬ್ಬ ಪರದೆಯ ಮೇಲೆ ಮೂಡಲು ತಡಮಾಡಿದ. ಸೊಂಡಿಲು ಬಂತು, ಹೊಟ್ಟೆ ಬರಲಿಲ್ಲ. ಕಾದು ಕಾದು ಸಾಕಾದ ಗಿರಾಕಿ ಪಕ್ಕದ ಅಂಗಡಿಗೆ ಹೋದ. ಅಂದಿನಿಂದ ಇವರಿಗೆ ವೇಗದ ಹುಚ್ಚು ಹಿಡಿಯಿತು. "ತಾಳಿದವನು ಬಾಳಿಯಾನು" ಎಂದು ನಾನೊಂದು ಗಾದೆ ಹೇಳಿದೆ. "ಅವನು ಬಾಳ್ತಾನೆ, ಅವನ ಅಂಗಡಿ ಬಾಳಂಗಿಲ್ಲ" ಎಂದರು.

ಆಗ ನಾನು ಕಲಿತ ಶಬ್ದ ಓವರ್‌ಕ್ಲಾಕಿಂಗ್. ನಿಮಗೂ ಹೇಳಿಬಿಡುತ್ತೇನೆ, ನಾನೊಬ್ಬಳೇ ಯಾಕೆ ಅನುಭವಿಸಬೇಕು. ಕಂಪ್ಯೂಟರಿನೊಳಗೆ ಪ್ರೊಸೆಸರ್ ಎಂಬ, ಕೊಬ್ಬರಿ ಮಿಠಾಯಿಯ ತುಂಡಿನಷ್ಟು ದೊಡ್ಡದೊಂದು ಬಿಲ್ಲೆ ಇರುತ್ತದೆ. ಲೆಕ್ಕವೆಲ್ಲ ಮಾಡುವುದು ಅದೇ. ಸೆಕೆಂಡಿಗೆ ಇಷ್ಟು ಕೋಟಿ ಸಲ ಮಿಡಿಯಬೇಕು ಎಂದು ಕಂಪನಿಯವರು ಅದಕ್ಕೊಂದು ಗತಿ ಕಟ್ಟಿರುತ್ತಾರೆ. ಬುದ್ಧಿವಂತರಾದ್ದರಿಂದ ಸ್ವಲ್ಪ ಕೈ ಬಿಗಿಹಿಡಿದೇ ಕಟ್ಟಿರುತ್ತಾರೆ. ಆ ಗತಿಯನ್ನು ನಾವೇ ಏರಿಸಿ, ಹೆಚ್ಚು ಕರೆಂಟು ಕುಡಿಸಿ, ಬಿಲ್ಲೆಯನ್ನು ಓಡಿಸುವುದೇ ಓವರ್‌ಕ್ಲಾಕಿಂಗ್. ಓಡಿದ್ದು ಬಿಸಿಯಾಗುತ್ತದೆ, ಬಿಸಿಯಾದದ್ದು ಬೀಳುತ್ತದೆ. ಬೀಳದ ಹಾಗೆ ತಣ್ಣಗಿಡುವುದರಲ್ಲೇ ಈ ವಿದ್ಯೆಯ ಮರ್ಮವೆಲ್ಲ ಇದೆ.

ಮೊದಲು ಒಂದು ಫ್ಯಾನ್ ಬಂತು. ಅದು ಸಾಲದೆ ಅದರ ಅಣ್ಣ ಬಂದ. ಆಮೇಲೆ ನೀರಿನ ಪೈಪುಗಳು ಬಂದವು. ನಮ್ಮ ಬಡಾವಣೆಗೆ ನಲ್ಲಿ ನೀರು ಬರದ ದಿನವೂ ಕಂಪ್ಯೂಟರಿಗೆ ನೀರಿರುತ್ತಿತ್ತು. ಜ್ಯೂಸ್ ಅಂಗಡಿಯಿಂದ ಐಸು ತಂದು ಸುರಿದದ್ದೂ ಆಯಿತು, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಯಂತ್ರವೇನೋ ಸೆಕೆಂಡಿಗೆ ಐನೂರು ಕೋಟಿಗೂ ಹೆಚ್ಚು ಸಲ ಮಿಡಿಯತೊಡಗಿತು. ಆದರೆ ಅದರ ಮುಂದೆ ಕೂತ ನಮ್ಮವರು ಟೈಪು ಮಾಡುವುದು ಎರಡೇ ಬೆರಳಿನಲ್ಲಿ. "ಚಿ" ಹೊಡೆದು "ರಂಜೀವಿ" ಎಲ್ಲಿದೆ ಎಂದು ಹುಡುಕುವಾಗ ಆ ಐನೂರು ಕೋಟಿ ಮಿಡಿತಗಳೂ ಸಾಲಾಗಿ ಕೈಕಟ್ಟಿ ಕಾಯುತ್ತಿದ್ದವು. ಬೆರಳಿಗೆ ಹಾಕುವ ಫ್ಯಾನ್ ಇನ್ನೂ ಯಾರೂ ಮಾಡಿಲ್ಲ.

ಗಣಪತಿಯ ಹೊಟ್ಟೆ ಈಗ ಕಣ್ಣು ಮಿಟುಕಿಸುವುದರೊಳಗೆ ಮೂಡುತ್ತಿತ್ತು. ಅಲ್ಲಿಗೆ ಸಾಕು ಮಾಡಬಹುದಿತ್ತು. ಆದರೆ ಯಾವುದೋ ದೇಶದಲ್ಲಿ ಯಾವನೋ ಇದೇ ಬಿಲ್ಲೆಯನ್ನು ಇನ್ನೂ ವೇಗವಾಗಿ ಓಡಿಸಿದ್ದಾನೆಂದು ಇವರು ಇಂಟರ್ನೆಟ್ಟಿನಲ್ಲಿ ಓದಿದರು. ಅವನು ಬಳಸಿದ್ದು ದ್ರವ ನೈಟ್ರೋಜನ್. ಸೊನ್ನೆಗಿಂತಲೂ ಸುಮಾರು ಇನ್ನೂರು ಡಿಗ್ರಿ ಕೆಳಗಿನ ಚಳಿ. ಇಂಥ ಪದಾರ್ಥ ಈ ಊರಲ್ಲಿ ಎಲ್ಲಿ ಸಿಗಬೇಕೆಂದು ನಾನು ನೆಮ್ಮದಿಯಾಗಿದ್ದೆ. ಅದು ನನ್ನ ತವರಿನಲ್ಲೇ ಇದೆ ಎಂಬುದು ನನಗೆ ಮರೆತೇಹೋಗಿತ್ತು.

ನನ್ನ ತಮ್ಮ ಮಂಜು ಹರಿಹರದವನು. ಹರಿಹರ, ಕೊಂಡಜ್ಜಿ ಸುತ್ತಿನ ಹಸು ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ಅವನ ಕೆಲಸ. ಒಳ್ಳೆಯ ಹೋರಿಗಳ ವೀರ್ಯ ತುಂಬಿದ ಸಣ್ಣ ಕಡ್ಡಿಗಳನ್ನು ಅವನು ಒಂದು ಕ್ಯಾನಿನಲ್ಲಿ ಇಟ್ಟುಕೊಂಡು ಬೈಕಿನ ಹಿಂದೆ ಕಟ್ಟಿ ಓಡಾಡುತ್ತಾನೆ. ಕಡ್ಡಿಗಳು ಕೆಡದ ಹಾಗೆ ಆ ಕ್ಯಾನಿನೊಳಗೆ ತುಂಬಿರುವುದೇ ದ್ರವ ನೈಟ್ರೋಜನ್. ಹಸುವಿಗೆಂದು ಇಟ್ಟ ಈ ಚಳಿಯನ್ನು ಲಗ್ನಪತ್ರಿಕೆಯ ಕಂಪ್ಯೂಟರಿಗೆ ಸುರಿಯಬಹುದೆಂಬ ಯೋಚನೆ ಲೋಕದಲ್ಲಿ ನಮ್ಮವರಿಗೆ ಬಿಟ್ಟು ಇನ್ಯಾರಿಗೂ ಹೊಳೆದಿರಲಾರದು.

ಜೂನ್ ತಿಂಗಳು, ಮಳೆ ಬಾರದೆ ಬಿಸಿಲು ಇನ್ನೂ ಉರಿಯುತ್ತಿತ್ತು. ಮಂಜು ದಾವಣಗೆರೆಗೆ ಬಂದು ಕ್ಯಾನು ತುಂಬಿಸಿಕೊಂಡು ಊಟಕ್ಕೆಂದು ನಮ್ಮ ಮನೆಗೆ ಬಂದ. ಅಂಗಡಿಯ ಕಂಪ್ಯೂಟರನ್ನು ಮನೆಯ ಹಜಾರಕ್ಕೆ ತಂದಿಟ್ಟು ಭಾವ ಆಗಲೇ ಸಿದ್ಧತೆ ಮುಗಿಸಿದ್ದರು. ನಮ್ಮ ಅತ್ತೆಯ ಪೂಜೆಯ ತಾಮ್ರದ ಚೊಂಬಿನ ತಳವನ್ನು ಹರಿಹರದ ಲೇತಿನಲ್ಲಿ ಸಪಾಟು ಮಾಡಿಸಿ ಪ್ರೊಸೆಸರಿನ ಮೇಲೆ ಕೂಡಿಸಿದ್ದರು. ಇಬ್ಬನಿ ಕಟ್ಟಿ ನೀರಿಳಿಯದಿರಲೆಂದು ಸುತ್ತಲೂ ವ್ಯಾಸಲೀನ್ ಬಳಿದಿದ್ದರು. ಅದು ನನ್ನ ಒಡೆದ ಹಿಮ್ಮಡಿಯ ವ್ಯಾಸಲೀನ್.

"ಒಂದು ಫ್ಲಾಸ್ಕ್ ಅಷ್ಟ ಕೊಡಪ್ಪ ಮಂಜು" ಎಂದರು.

"ಒಂದ ಒಂದು ನೋಡ್ರಿ ಭಾವ. ಕಡ್ಡಿ ಕೆಟ್ರೆ ರೈತರು ನನ್ನನ್ನ ಊರಾಗೆ ಸೇರ್ಸಲ್ಲ" ಎಂದ ಮಂಜು.

ಕಿಟಕಿ ಬಾಗಿಲು ತೆರೆದು ಸುರಿದರು. ಚೊಂಬಿನಿಂದ ಬೆಳ್ಳಗಿನ ಹೊಗೆ ಎದ್ದು ನೆಲಕ್ಕಿಳಿದು ಹಜಾರ ತುಂಬಿತು. ನಡುಮನೆಯಿಂದ ಬಂದ ಅತ್ತೆ ಮೂಗೆಳೆದು ನೋಡಿ, "ಇಷ್ಟು ಹೊಗೆ ಐತೆ, ಊದಿನಕಡ್ಡಿ ವಾಸನೇನ ಇಲ್ಲಲ್ಲ" ಎಂದು ಒಳಗೆ ಹೋದರು. ಚಳಿ ಅತಿಯಾದರೆ ಈ ಬಿಲ್ಲೆ ಏಳುವುದೇ ಇಲ್ಲವಂತೆ, ಅದೂ ಆಗ ಗೊತ್ತಾಯಿತು. ತಿಂಗಳುಗಟ್ಟಲೆ ಅದನ್ನು ತಣ್ಣಗೆ ಮಾಡಲು ಹೆಣಗಿದ ಮನುಷ್ಯ ಈಗ ಬಿಸಿ ಮಾಡಲು ಇಸ್ತ್ರಿಪೆಟ್ಟಿಗೆ ಕೇಳಿದರು. ಕೊಟ್ಟೆ. ಎದ್ದಿತು. ಮತ್ತೆ ಸುರಿದರು. ಒಂದು ಫ್ಲಾಸ್ಕ್ ಎರಡಾಯಿತು, ಎರಡರ ಮೇಲೆ "ಇನ್ನೊಂದು ಚೂರು" ಶುರುವಾಯಿತು. ಅಷ್ಟರಲ್ಲಿ ಮಂಜುವಿಗೂ ಆ ಹುಚ್ಚು ಅಂಟಿ, ಕೇಳುವ ಮೊದಲೇ ತಾನೇ ಕ್ಯಾನು ಬಗ್ಗಿಸುತ್ತಿದ್ದ.

ಪರದೆಯ ಮೇಲಿನ ವೇಗದ ಅಂಕಿ ಆ ವಿದೇಶದವನ ಅಂಕಿಯ ಹತ್ತಿರ ಬಂದು ನಿಂತಾಗ ಮಂಜುವಿನ ಫೋನು ಹೊಡೆದುಕೊಂಡಿತು. ಹರಿಹರದಿಂದ ನಮ್ಮ ಹಾಲಮ್ಮ ಚಿಕ್ಕಮ್ಮ. ಅವಳ ಹಸು ಗಂಗೆ ಬೆದೆಗೆ ಬಂದು ಬೆಳಗಿನಿಂದ ಒದರುತ್ತಿದೆಯಂತೆ. ಹಿಂದಿನ ಕರು ಹಾಕಿದ ಮೇಲೆ ಗಂಗೆಗೆ ಎಷ್ಟೋ ಸಲ ಮಾಡಿಸಿದರೂ ಗಬ್ಬ ನಿಂತಿರಲಿಲ್ಲ. ಇದು ಕೊನೆಯ ಸಲ, ಇನ್ನೂ ನಿಲ್ಲದಿದ್ದರೆ ಸಂತೆಗೆ ಹೊಡೆಯುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಗೊಡ್ಡು ಹಸು ಸಂತೆಯಿಂದ ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮಂಜು ಕ್ಯಾನಿನೊಳಗೆ ಕೋಲು ಅದ್ದಿ ನೋಡಿದ. ಕೋಲಿನ ತುದಿಗಷ್ಟೇ ಬಿಳಿ ಹಿಮ ಹಿಡಿದಿತ್ತು, ನೈಟ್ರೋಜನ್ ತಳ ಕಂಡಿತ್ತು. "ಭಾವ, ಆ ಫ್ಲಾಸ್ಕ್‌ನಾಗ ಇರೋದನ್ನ ವಾಪಸ್ ಹಾಕ್ರಿ. ಹರಿಹರ ಮುಟ್ಟೋದ್ರೊಳಗ ಇದು ಆರಿಹೋಗ್ತೈತೆ. ಗಂಗೆ ಕಡ್ಡಿನೂ ಇದರಾಗೇ ಐತೆ."

ನಮ್ಮವರ ಕೈಯಲ್ಲಿ ತುಂಬಿದ ಫ್ಲಾಸ್ಕ್. ಎದುರಿಗೆ, ಇನ್ನೊಂದು ಸುರಿವಿಗೆ ಗೆಲ್ಲುವ ಅಂಕಿ. ಗೆದ್ದರೂ ಅದು ನಿಲ್ಲುವುದು ಫೋಟೋ ತೆಗೆಯುವಷ್ಟು ಹೊತ್ತು ಮಾತ್ರ. ಆ ಫೋಟೋ ತೆಗೆಯಬೇಕಾದ ಫೋನಿನ ಗಾಜಿಗೂ ಇಬ್ಬನಿ ಹಿಡಿದಿತ್ತು.

"ರೀ, ಗಂಗೆ ನಿಮ್ಮನ್ನ ಕಂಡ್ರೆ ಅಂಬಾ ಅಂತೈತೆ. ಅದು ಏನಂತೈತೆ?" ಎಂದೆ ನಾನು, ಯಂತ್ರದ ಕಡೆ ಕೈಮಾಡಿ.

ಅವರು ಫ್ಲಾಸ್ಕನ್ನು ಕ್ಯಾನಿಗೆ ಬಗ್ಗಿಸಿದರು. ಬಗ್ಗಿಸಿ ಕ್ಯಾನು ಹೊತ್ತು ಹೊರಟರು. ಹಿಂದಿನಿಂದ ಟಪ್ ಎಂದು ಸದ್ದಾಗಿ ಪರದೆ ಕಪ್ಪಾಯಿತು. ಅವರು ತಿರುಗಿ ನೋಡಲಿಲ್ಲ ಎಂದು ಬರೆಯಲು ನನಗೆ ಆಸೆ. ನೋಡಿದರು, ಮೆಟ್ಟಿಲಿಳಿಯುವಾಗಲೂ ನೋಡಿದರು, ಮಂಜುವಿನ ಬೈಕಿನ ಹಿಂದೆ ಹತ್ತಿ ಕೂತು ಕಿಟಕಿಯ ಕಡೆಗೂ ನೋಡಿದರು. ಆದರೂ ಹೋದರು. ಆ ಹೊತ್ತು ನನಗೆ ಅವರ ಮೇಲೆ ಬಂದ ಪ್ರೀತಿ ಅಪ್ಪಟವಾದದ್ದು, ಅದಕ್ಕೂ ಬಸ್ಸಿನ ವೇಳೆಗೂ ಸಂಬಂಧವಿಲ್ಲ.

ನಾನು ಬಸ್ಸು ಹಿಡಿದು ದಾರಿಯ ಬಾತಿ ಊರು ದಾಟಿ ಹರಿಹರ ಮುಟ್ಟುವಾಗ ಇಬ್ಬರೂ ಕೊಟ್ಟಿಗೆಯಲ್ಲಿದ್ದರು. ತಗಡಿನ ಮಾಡು, ಒಳಗೆ ಧಗೆ. ಗಂಗೆ ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತಿದ್ದಳು. ನಮ್ಮವರು ಅವಳ ಮೂಗಿನ ಮುಂದೆ ಅಂಗೈ ಹಿಡಿದು ನಿಂತಿದ್ದರು, ಕಂಪ್ಯೂಟರಿನ ಹಿಂದೆ ಬಿಸಿಗಾಳಿ ನೋಡಲು ಹಿಡಿಯುತ್ತಿದ್ದ ಹಾಗೆಯೇ. ಗಂಗೆ ಸೀಮೆಹಸು. ಅವಳ ಅಜ್ಜಿಯ ಕಾಲದ ನಾಟಿ ಹಸು ಕೊಡುತ್ತಿದ್ದುದು ಚರಿಗೆ ಹಾಲು, ಇವಳು ಕೊಡುವುದು ಕೊಡಗಟ್ಟಲೆ. ಎಲ್ಲೋ ಚಳಿದೇಶದ ತಳಿಯನ್ನು ನಮ್ಮ ಬಿಸಿಲಿಗೆ ತಂದು, ಹಿಂಡಿ ತಿನ್ನಿಸಿ, ಎರಡು ಹೊತ್ತೂ ಹಿಂಡಿ, ಗಬ್ಬ ಯಾಕೆ ನಿಲ್ಲುವುದಿಲ್ಲ ಎಂದು ಕೇಳುತ್ತೇವೆ.

"ಚಿಕ್ಕಮ್ಮ, ಇದಕ್ಕ ಗಾಳಿ ಎಲ್ಲೈತೆ?" ಎಂದರು ನಮ್ಮವರು.

"ನಾನೂ ಅದನ್ನ ಹೇಳಿ ಸಾಕಾಗೇನಿ" ಎಂದ ಮಂಜು.

"ಹಸುಗೆ ಫ್ಯಾನೇನ್ರಿ ಅಳಿಯಂದ್ರೆ? ನನಗ ಇಲ್ಲ" ಎಂದಳು ಚಿಕ್ಕಮ್ಮ.

ಬಕೆಟುಗಟ್ಟಲೆ ನೀರು ಹೊಯ್ದು, ಗಂಗೆ ಸುಧಾರಿಸಿಕೊಂಡ ಮೇಲೆ ಮಂಜು ತನ್ನ ಕೆಲಸ ಮುಗಿಸಿದ. ಮರುವಾರ ನಮ್ಮವರು ತಮ್ಮ ಫ್ಯಾನುಗಳನ್ನೂ ಪೈಪುಗಳನ್ನೂ ಬಿಚ್ಚಿ ತಂದು ಕೊಟ್ಟಿಗೆಗೆ ಕಟ್ಟಿದರು. ಮಾಡಿಗೆ ಒದ್ದೆ ಗೋಣಿ, ಅದರ ಮೇಲೆ ತೊಟ್ಟಿಕ್ಕುವ ನೀರು, ಫ್ಯಾನಿನಲ್ಲಿ ನೀಲಿ ದೀಪ. ಓಣಿಯವರೆಲ್ಲ ನೋಡಲು ಬಂದರು. ಅಂಗಡಿಗೆ ಸಾದಾ ಕಂಪ್ಯೂಟರು ಬಂತು. ಗಣಪತಿ ಮತ್ತೆ ನಿಧಾನಕ್ಕೇ ಮೂಡುತ್ತಾನೆ, ಗಿರಾಕಿಗಳು ಅಷ್ಟರಲ್ಲಿ ಫೋನು ನೋಡುತ್ತಾ ಕೂತಿರುತ್ತಾರೆ.

ಇನ್ನು ಕಾಯುವುದು. ಮಾರನೆಯ ಬೆಳಿಗ್ಗೆಯೇ ನಮ್ಮವರು ಫೋನು ಮಾಡಿ, "ಏನಾತ್ರಿ ಚಿಕ್ಕಮ್ಮ, ಗಬ್ಬ ನಿಂತ್ತಾ?" ಎಂದು ಕೇಳಿದರು. "ಬ್ಯಾಳಿ ಬೆಂದೈತೇನು ಅಂತ ಹಿಚುಕಿ ನೋಡೋದಲ್ರಿ ಇದು" ಎಂದಳಂತೆ. ಗಂಗೆ ಮತ್ತೆ ಬೆದೆಗೆ ಬರಲಿಲ್ಲ. ಮೂರು ತಿಂಗಳ ಮೇಲೆ ಮಂಜು ಕೈಯಿಟ್ಟು ನೋಡಿ ಹೌದೆಂದ. ಸಂತೆಯ ಮಾತು ಅಲ್ಲಿಗೆ ನಿಂತಿತು. ಹಾಲು ಕಡಿಮೆಯಾದರೂ ಸರಿ, ಅವಳು ಮನೆಯಲ್ಲಿರಲಿ ಎಂದು ಚಿಕ್ಕಮ್ಮ ಅತ್ತಳು.

ಯುಗಾದಿ ಹತ್ತಿರದ ಒಂದು ಮಧ್ಯಾಹ್ನ ಗಂಗೆಗೆ ನೋವು ಶುರುವಾಯಿತು. ನಾವೂ ಹೋಗಿದ್ದೆವು. ಸರಿಯಾಗಿ ಆಗಲೇ ಕರೆಂಟು ಹೋಗಿ ಫ್ಯಾನುಗಳೆಲ್ಲ ನಿಂತವು. ನಮ್ಮವರು ಮೂಲೆಯಲ್ಲಿದ್ದ ಮೊರ ಎತ್ತಿಕೊಂಡು ಎರಡೂ ಕೈಯಲ್ಲಿ ಬೀಸತೊಡಗಿದರು. ಬೆವರು ಇಳಿಯಿತು, ಹೊಟ್ಟು ಹಾರಿ ಎಲ್ಲರ ಕಣ್ಣಿಗೂ ಬಿತ್ತು. ಗಂಗೆ ಗಾಬರಿಯಿಂದ ಕತ್ತು ತಿರುಗಿಸಿದಳು.

"ಮೆಲ್ಲಕ ಬೀಸ್ರಿ ಅಳಿಯಂದ್ರೆ" ಎಂದಳು ಚಿಕ್ಕಮ್ಮ. "ನೀವು ಜೋರು ಬೀಸಿದ್ರೆ ಕರ ಲಗೂನ ಬರಾಂಗಿಲ್ಲ."

ಅವರು ಕೈ ನಿಧಾನ ಮಾಡಿದರು. ಕರು ತನ್ನ ಹೊತ್ತಿಗೆ ತಾನು ಬಂತು, ಹೆಣ್ಣುಗರು. ಎಲ್ಲರೂ ಕರುವನ್ನು ನೋಡುತ್ತಿದ್ದರು. ನಾನು ಮಾತ್ರ, ಇನ್ನೊಬ್ಬರ ಮಾತಿಗೆ ವೇಗ ಇಳಿಸಿದ ನನ್ನ ಗಂಡನನ್ನು ಮದುವೆಯಾದ ಮೇಲೆ ಮೊದಲ ಸಲ ನೋಡುತ್ತಾ ನಿಂತಿದ್ದೆ.